ಸರಕು ಹಡಗು ಯಾವ ಸಾಲಿನಲ್ಲಿ ‘ನೌಕೆ’ ಆಗಬೇಕು?

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ಜರ್ಮನ್ ಹಡಗು ‘ಅಟ್ಲಾಂಟಿಸ್’ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ಕೈ ನಿಂತುಬಿಟ್ಟಿದೆ.

ಇದರ ಮೊದಲ ಹೆಸರು ‘ಗೋಲ್ಡನ್‌ಫೆಲ್ಸ್’. 1937ರಲ್ಲಿ ನೀರಿಗಿಳಿದ, ಬ್ರೆಮೆನ್ ನಗರದ ಹನ್ಸಾ ಕಂಪನಿಯ ಸರಕು ಹಡಗು. ಭಾರತಕ್ಕೂ ಸರಕು ಸಾಗಿಸುತ್ತಿದ್ದ ಕಂಪನಿ ಅದು. ಯುದ್ಧ ಶುರುವಾದ ಮೇಲೆ ನೌಕಾಪಡೆ ಈ ಹಡಗನ್ನು ತೆಗೆದುಕೊಂಡು, 150 ಮಿ.ಮೀ.ನ ಆರು ಫಿರಂಗಿ ಕೂರಿಸಿತು. ಇಲ್ಲಿಂದಲೇ ನನ್ನ ತೊಂದರೆ.

ಕನ್ನಡದಲ್ಲಿ ಸರಕಿನ ಜೊತೆ ‘ಹಡಗು’ ಕೂರುತ್ತದೆ, ಯುದ್ಧದ ಜೊತೆ ‘ನೌಕೆ’. ಹಡಗು ನಮ್ಮ ಹಳೆಯ ಮಾತು, ಹಿಂದೆ ‘ಪಡಗು’ ಆಗಿತ್ತು. ನೌಕೆ ಸಂಸ್ಕೃತದ್ದು. ಅಲ್ಲಿ ಅದು ಚಿಕ್ಕ ದೋಣಿಗೂ ಸಲ್ಲುವ ಪದ. ನಾವು ಅದನ್ನು ಫಿರಂಗಿ ಹೊತ್ತವಕ್ಕೆ ಕೊಟ್ಟುಬಿಟ್ಟಿದ್ದೇವೆ, ಅಲ್ವಾ?

ಆದರೆ ಅಟ್ಲಾಂಟಿಸ್ ಬದುಕಿದ್ದೇ ಸರಕು ಹಡಗಿನ ಹಾಗೆ ಕಾಣಿಸಿಕೊಂಡು. ಫಿರಂಗಿಗಳೆಲ್ಲ ಮರೆಯಲ್ಲಿ. 1940ರ ಮೇ 3ರಂದು ‘ಸೈಂಟಿಸ್ಟ್’ ಎಂಬ ಬ್ರಿಟಿಷ್ ಹಡಗನ್ನು ಹಿಡಿದಾಗ ಇದು ‘ಕಾಶಿಯಿ ಮಾರು’ ಎಂಬ ಜಪಾನಿ ಹಡಗಿನ ವೇಷದಲ್ಲಿತ್ತು. ಆ ವೇಷಕ್ಕಾಗಿ ಒಬ್ಬ ನಾವಿಕ ಹೆಂಗಸಿನ ಬಟ್ಟೆ ತೊಟ್ಟು, ಡೆಕ್ ಮೇಲೆ ಮಗುವಿನ ತಳ್ಳುಗಾಡಿ ತಳ್ಳುತ್ತಿದ್ದ. ಹತ್ತಿರ ಬಂದ ಮೇಲೆ ಸುಳ್ಳು ಬಾವುಟ ಇಳಿಸಿ, ಜರ್ಮನ್ ಬಾವುಟ ಏರಿಸಿ, ಆಮೇಲೆ ಗುಂಡು. ಗುಂಡು ಹಾರಿಸುವ ಮುಂಚೆ ನಿಜವಾದ ಬಾವುಟ ತೋರಿಸಲೇಬೇಕೆಂಬುದು ಯುದ್ಧದ ನಿಯಮ.

ನಾನು ಹೀಗೆ ಬರೆದಿದ್ದೆ: “ಹಡಗಿನ ಪಕ್ಕದ ಮುಚ್ಚಳಗಳು ಮೇಲೆದ್ದವು. ನೌಕೆ ಗುಂಡು ಹಾರಿಸಿತು.” ಬಾವುಟ ಬದಲಾದ ಕ್ಷಣಕ್ಕೆ ಪದವೂ ಬದಲಾಗಲಿ ಅಂತ ಆಸೆ. ಓದಿದ ನನ್ನ ತಂಗಿ ಕೇಳಿದ್ದು, “ಈ ನೌಕೆ ಎಲ್ಲಿಂದ ಬಂತು? ಇನ್ನೊಂದು ಬಂತಾ?” ಅವಳು ಕೇಳಿದ್ದು ಸರಿಯೇ.

ಎರಡನೆಯದು, ಈ ಜಾತಿಯ ಹಡಗಿನ ಹೆಸರು. ಜರ್ಮನರ ಪದವನ್ನು ಬಿಡಿಸಿದರೆ ‘ಸಹಾಯಕ ಕ್ರೂಸರ್’. ಕ್ರೂಸರ್ ಅಂದರೆ ವೇಗವಾಗಿ ಓಡುವ ಒಂದು ಬಗೆಯ ಯುದ್ಧನೌಕೆ. ‘ಸಹಾಯಕ ನೌಕೆ’ ಅಂದರೆ ನಮ್ಮ ಕಿವಿಗೆ ಬೇರೆ ಹಡಗುಗಳಿಗೆ ಎಣ್ಣೆ, ನೀರು ಒಯ್ದುಕೊಡುವಂಥದ್ದು ಅನಿಸುತ್ತದೆ. ಇದು ಒಂಟಿಯಾಗಿ 22 ಹಡಗುಗಳನ್ನು ಹಿಡಿದ ಅಥವಾ ಮುಳುಗಿಸಿದ ಹಡಗು. ಆರುನೂರಕ್ಕೂ ಹೆಚ್ಚು ದಿನ ಸಮುದ್ರದಲ್ಲೇ ಇತ್ತು. 1941ರ ನವೆಂಬರ್ 22ರಂದು ಬ್ರಿಟನ್ನಿನ ಯುದ್ಧನೌಕೆ ‘ಡೆವನ್‌ಶೈರ್’ ಎದುರಾದಾಗಲೂ ತಾನು ಡಚ್ ಹಡಗು ಎಂದೇ ಹೇಳಿಕೊಂಡಿತು. ಆ ಸುಳ್ಳು ನಡೆಯಲಿಲ್ಲ, ಅವತ್ತೇ ಮುಳುಗಿತು. ಇಂಥದ್ದಕ್ಕೆ ‘ಸಹಾಯಕ’ ಹೊಂದುವುದಿಲ್ಲ.

‘ಮಾರುವೇಷದ ಯುದ್ಧ ಹಡಗು’ ಅಂದರೆ ಹೇಗೆ? ಆಗ ಮೊದಲಿನಿಂದ ಕೊನೆಯವರೆಗೂ ‘ಹಡಗು’ ಅಂತಲೇ ಬರೆಯಬಹುದು, ತಂಗಿಯ ಪ್ರಶ್ನೆಯೂ ಏಳುವುದಿಲ್ಲ. ನನ್ನ ಅಳುಕು ಒಂದೇ: ಪತ್ರಿಕೆ ಓದುವವರಿಗೆ ‘ಯುದ್ಧನೌಕೆ’ ಜಾಸ್ತಿ ರೂಢಿ. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ, ನಮ್ಮ ನೌಕಾಪಡೆಯಲ್ಲಿದ್ದ ‘ಚಾಪಲ್’ ನೋಡಲು ಹೋದಾಗ ದೊಡ್ಡವರೆಲ್ಲ ‘ಯುದ್ಧನೌಕೆ’ ಅಂದರು, ಜೊತೆಗಿದ್ದ ಮಕ್ಕಳು ಮಾತ್ರ “ಹಡಗು ಹತ್ತೋಣ” ಅಂದರು.

ಕರಾವಳಿಯವರು ಮನೆಯಲ್ಲಿ, ಬಂದರಿನಲ್ಲಿ ಏನಂತೀರಿ? ‘ಯುದ್ಧ ಹಡಗು’ ನಿಮ್ಮ ಬಾಯಲ್ಲಿ ಸಲೀಸಾಗಿ ಬರುತ್ತದೆಯೇ? ಇದಕ್ಕಿಂತ ಒಳ್ಳೆಯ ಪದ ಇದ್ದರೆ ಖಂಡಿತ ತಿಳಿಸಿ.