ಸಹಾಯ ಬೇಕು: ಕಾರವಾರದ ಮೀನೂಟದ ಹೋಟೆಲ್‌ನಲ್ಲಿ ಇಬ್ಬರು ಸಸ್ಯಾಹಾರಿಗಳಿಗೆ ಜಾಗ

ಬರೋ ಭಾನುವಾರ ಮಧ್ಯಾಹ್ನ ಆರು ಜನರ ಊಟ. ನಾಲ್ವರಿಗೆ ಬಂಗಡೆ ಇಲ್ಲದೆ ಅನ್ನ ಇಳಿಯದು. ಇಬ್ಬರು ಶಿರಸಿ ಕಡೆಯವರು, ಮೊಟ್ಟೆಯನ್ನೂ ಮುಟ್ಟದವರು. ಎಲ್ಲರೂ ಒಂದೇ ಟೇಬಲ್ಲಿಗೆ ಕೂರಬೇಕು.

‘ವೆಜ್ ಥಾಲಿ ಸಿಗುತ್ತದೆ’ ಅಂದರೆ ಸಾಲದು. ದಾಳಿತೊವ್ವೆ, ಸೋಲ್‌ಕಡಿ ಬಗ್ಗೆ ಚಿಂತೆಯಿಲ್ಲ. ಕಾಳಿನ ಗಸಿಗೆ ತೆಪ್ಪಲ (ಮೀನುಸಾರಿಗೆ ಹಾಕುವ ಘಮದ ಕಾಯಿ) ಹಾಕಿದರೆ ಮೀನುಸಾರಿನ ನೆನಪಾಗುತ್ತದೆ, ಅದೂ ಪರವಾಗಿಲ್ಲ. ತೊಂದರೆ ಇರೋದು ತವಾದಲ್ಲಿ. ಬಟಾಟೆ, ನೀರ್‌ಹಲಸಿನ ಫೋಡಿಗೂ (ಹೋಳಿನ ಫ್ರೈ) ಮೀನಿನ ಹಾಗೇ ಖಾರಪುಡಿ, ಅರಿಶಿನ ಸವರಿ ರವೆಯಲ್ಲಿ ಹೊರಳಿಸುತ್ತಾರೆ. ಮಧ್ಯಾಹ್ನ ಒಂದೂವರೆ ಹೊತ್ತಿನ ಗಡಿಬಿಡಿಯಲ್ಲಿ ಬಂಗಡೆ ಕಾಯಿಸಿದ ಎಣ್ಣೆಗೇ ಅದೂ ಬೀಳುತ್ತದೆ. ತವಾ ಬೇರೆ ಇದ್ದರೂ ರವೆಯ ತಟ್ಟೆ ಒಂದೇ ಆದರೆ ಏನು ಬಂತು? ಇನ್ನೊಂದು, ಕೇಳದೇ ಬಡಿಸುವ ಒಣ ಶೆಟ್ಲಿ (ಸಿಗಡಿ) ಚಟ್ನಿ; ನೋಡಲು ಕಾಯಿಚಟ್ನಿಯ ಹಾಗೇ ಇರುತ್ತದೆ.

ತವಾ, ರವೆತಟ್ಟೆ, ಸೌಟು ಮೂರೂ ಬೇರೆ ಇಡುವ ಹೋಟೆಲ್ ಕಾರವಾರದಲ್ಲಿ ಯಾವುದು? ಇತ್ತೀಚೆಗೆ ಉಂಡು, ಅಡುಗೆಮನೆಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡವರು ಹೇಳಿ. ಹನ್ನೆರಡಕ್ಕೇ ಹೋದರೆ ಮೊದಲ ಎಣ್ಣೆಯಲ್ಲಿ ಫೋಡಿ ಕಾಯಿಸಿಕೊಡುತ್ತಾರಾ? ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟಿದ್ದರೆ ಒಳ್ಳೆಯದು.