ಬಡಾವಣೆಯ ಅಂಚಿನ ಗುಡಾರಗಳ ಬಗ್ಗೆ ನಮ್ಮವರಿಗೆ ಹೇಗೆ ತಿಳಿಹೇಳಲಿ?

ದಾವಣಗೆರೆ ನಿವಾಸಿ:
ನಮ್ಮ ಬಡಾವಣೆಯ ಅಂಚಿನ ಖಾಲಿ ನಿವೇಶನದಲ್ಲಿ ಹದಿನೈದು ದಿನಗಳಿಂದ ಅಲೆಮಾರಿ ಕುಟುಂಬಗಳು ಗುಡಾರ ಹಾಕಿಕೊಂಡಿವೆ. ಅವರು ಯಾರು, ಏನು ಕಸುಬಿನವರು ಎಂದು ಯಾರೂ ಕೇಳಿಲ್ಲ. ಆದರೂ ವಾಟ್ಸಾಪ್ ಗುಂಪಿನಲ್ಲಿ ‘ಮಕ್ಕಳ ಕಳ್ಳರು’ ಎಂಬ ಮಾತು ಆಗಲೇ ಹರಿದಾಡುತ್ತಿದೆ. ನಿನ್ನೆ ನೀರು ಕೇಳಲು ಬಂದ ಹೆಣ್ಣುಮಗಳನ್ನು ನಮ್ಮ ಬೀದಿಯವರು ಗದರಿಸಿ ಕಳುಹಿಸಿದಾಗ ನಾನು ಸುಮ್ಮನೆ ನಿಂತಿದ್ದೆ. ಅದು ಮನಸ್ಸನ್ನು ಕೊರೆಯುತ್ತಿದೆ. ನಮ್ಮ ಬೀದಿಯವರು ಕೆಟ್ಟವರಲ್ಲ, ಕಷ್ಟಕ್ಕೆ ಆಗುವ ಜನ. ವಿಷಯ ತಿಳಿಸಿದರೆ ಈ ದ್ವೇಷ ಇಳಿದೀತೇ?

ಇತಿಹಾಸ ಉಪನ್ಯಾಸಕಿ, ಚಿತ್ರದುರ್ಗ:
ಈ ಸಂಶಯ ನಿನ್ನೆ ಮೊನ್ನೆಯದಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದು, ಕೆಲವು ಸಮುದಾಯಗಳಲ್ಲಿ ಹುಟ್ಟಿದವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿ, ಪೊಲೀಸರ ಮುಂದೆ ಹಾಜರಿ ಹಾಕುವಂತೆ ಮಾಡಿತು. ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದ ಕೊರಚರಂಥವರು, ರೈಲು ಬಂದು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿ ವ್ಯಾಪಾರ ಕೈತಪ್ಪಿದ ಮೇಲೆ ಕಳ್ಳರ ಪಟ್ಟಿಗೆ ಸೇರಿದರು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಈ ಸಮುದಾಯಗಳಿಗೆ ‘ವಿಮುಕ್ತ’, ಅಂದರೆ ಬಿಡುಗಡೆಯಾದವರು, ಎಂಬ ಹೆಸರು ಬಂದದ್ದು ಅದರಿಂದಲೇ. ಹಣೆಪಟ್ಟಿ ಮಾತ್ರ ಉಳಿದಿದೆ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ನಾಥಪಂಥಿ ದವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದ ಐವರನ್ನು ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೊಡೆದು ಕೊಂದಿತು. ದಯವಿಟ್ಟು ತಡಮಾಡಬೇಡಿ.

ನ್ಯಾಮತಿ ಕಡೆಯವನು:
ಉಪನ್ಯಾಸಕಿಯವರು ಹೇಳಿದ ಚರಿತ್ರೆಯನ್ನು ಎಲ್ಲರೂ ಓದಬೇಕು. ಆದರೆ ಓದಿದ ಮಾತ್ರಕ್ಕೆ ದ್ವೇಷ ಇಳಿಯುತ್ತದೆಂದು ನಾನು ಒಪ್ಪಲಾರೆ. ನಾನು ಲಂಬಾಣಿ ತಾಂಡಾದಲ್ಲಿ ಹುಟ್ಟಿದವನು. ಶಾಲೆಯಲ್ಲಿ ಏನೇ ಕಳೆದರೂ ಮೊದಲು ಹುಡುಕುತ್ತಿದ್ದುದು ನನ್ನ ಚೀಲವನ್ನು, ಹುಡುಕುತ್ತಿದ್ದವರು ಕಲಿತ ಮೇಷ್ಟ್ರು. ಸಹಪಾಠಿಯೊಬ್ಬ ಸೂರಗೊಂಡನಕೊಪ್ಪದ ಸೇವಾಲಾಲ್ ಜಾತ್ರೆಗೆ ನನ್ನೊಡನೆ ಬಂದು, ನಮ್ಮ ಮನೆಯಲ್ಲಿ ಉಂಡು, ರಾತ್ರಿಯಿಡೀ ನಮ್ಮ ಹೆಂಗಸರ ಹಾಡು ಕೇಳಿದ. ಮರುದಿನದಿಂದ ನನ್ನ ಚೀಲಕ್ಕೆ ಕೈಹಾಕಿದವರನ್ನು ಅವನೇ ತಡೆಯುತ್ತಿದ್ದ. ನೀವೂ ಬೀದಿಯ ಹಿರಿಯರಿಬ್ಬರನ್ನು ಕರೆದುಕೊಂಡು, ಎರಡು ಕೊಡ ನೀರಿನೊಂದಿಗೆ ಅಲ್ಲಿಗೆ ಹೋಗಿ.

ದಾವಣಗೆರೆ ನಿವಾಸಿ:
ಇಂದು ಬೆಳಿಗ್ಗೆ ಅವ್ವನನ್ನೂ ಪಕ್ಕದ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿದ್ದೆ. ಅವರು ಹೆಳವರು; ಜಗಳೂರು ಕಡೆಯ ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಹೇಳುತ್ತ ಬಂದವರು. ಹಿರಿಯರ ಊರೂ ಅದೇ ಸೀಮೆಯದು. ತಮ್ಮ ಮುತ್ತಜ್ಜನ ಹೆಸರು ಅವರ ಬಾಯಲ್ಲಿ ಬಂದಾಗ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಗುಂಪಿನಲ್ಲಿ ಆ ಸಂದೇಶವನ್ನು ಮೊದಲು ಹಾಕಿದವರು ಇನ್ನೂ ಅಳಿಸಿಲ್ಲ; ಸಂಜೆ ಅವರ ಮನೆಗೆ ಹೋಗುತ್ತಿದ್ದೇವೆ.