ಪಿಜಿ ಡಾಕ್ಟರ್‌ಗಳು ರೋಗಿ ಜೊತೆ ಮಾತಾಡೋದಕ್ಕೆ ಅಂಕ ಕೊಡೋದು ಹೇಗೆ?

ಪ್ರಶ್ನೆ – ಸಹಾಯಕ ಪ್ರಾಧ್ಯಾಪಕಿ, ಜನರಲ್ ಮೆಡಿಸಿನ್, ದಾವಣಗೆರೆ

ಸರ್, ನಮಸ್ಕಾರ. ನಮ್ಮ ಪಿಜಿಗಳ, ಅಂದರೆ ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುತ್ತಿರುವ ಡಾಕ್ಟರ್‌ಗಳ, ಸಂವಹನ ಕೌಶಲಕ್ಕೆ ಅಂಕ ಕೊಡುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಇಲ್ಲಿವರೆಗೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) "ಕೆಟ್ಟ ಸುದ್ದಿ ಹೇಗೆ ಹೇಳ್ತೀಯಪ್ಪ?" ಅಂತ ಕೇಳುವುದು, ಅವರು ಕೆಟ್ಟ ಸುದ್ದಿ ಹೇಳಲು ಇರುವ ಸ್ಪೈಕ್ಸ್ ಪದ್ಧತಿಯ ಆರು ಹಂತ ಪಟಪಟ ಒಪ್ಪಿಸುವುದು, ನಾವು ಅಂಕ ಹಾಕುವುದು, ಇಷ್ಟೇ ನಡೆಯುತ್ತಿತ್ತು. ಚೆನ್ನಾಗಿ ಒಪ್ಪಿಸಿದ ಹುಡುಗನೇ ಓಪಿಡಿಯಲ್ಲಿ ರೋಗಿ ಮುಖ ನೋಡದೆ ಚೀಟಿ ಬರೆದು ಕಳಿಸುತ್ತಾನೆ. ಕೇಳಿದರೆ ಟೈಮಿಲ್ಲ ಅನ್ನುತ್ತಾನೆ. ಸೋಮವಾರದ ರಶ್ ನೋಡಿದರೆ ಅದೂ ಸುಳ್ಳಲ್ಲ. ಇದನ್ನು ನ್ಯಾಯವಾಗಿ ಅಳೆಯುವುದು ಹೇಗೆ?

ಉತ್ತರ – ಮೆಡಿಸಿನ್ ಪ್ರಾಧ್ಯಾಪಕ, ಪಿಜಿ ಪರೀಕ್ಷಕ

ಮೇಡಂ, ಇದಕ್ಕೆ ವೈವಾ ಬೇಡ. ಅದರಲ್ಲಿ ಹುಡುಗನಿಗೆ ಏನು ಗೊತ್ತು ಅನ್ನೋದು ತಿಳಿಯುತ್ತದೆ, ಏನು ಮಾಡುತ್ತಾನೆ ಅನ್ನೋದು ತಿಳಿಯಲ್ಲ. ಪಕ್ಕದಲ್ಲಿ ಕೂತು ನೋಡಲೇಬೇಕು. ಅದಕ್ಕೆ ಮಿನಿ-ಸಿಇಎಕ್ಸ್ ಅನ್ನೋ ಅಳೆಯುವ ಪದ್ಧತಿ ಇದೆ. ನಾರ್ಸಿನಿ ಮತ್ತವರ ಜೊತೆಗಾರರು 1995ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ್ದು. ನಿಜವಾದ ರೋಗಿ, 15–20 ನಿಮಿಷ ಸುಮ್ನೆ ನೋಡುವುದು, ಆಮೇಲೆ ಅಲ್ಲೇ ಐದು ನಿಮಿಷ ಪಿಜಿ ಜೊತೆ ಮಾತು. ಅಂಕ 1ರಿಂದ 9. ಒಂದು ಸಲ ನೋಡಿ ತೀರ್ಮಾನ ಬೇಡ. ಎದೆನೋವಿನ ರೋಗಿ ಹತ್ತಿರ ಸಲೀಸಾಗಿ ಮಾತಾಡಿದವನು ಎಚ್‌ಐವಿ ರಿಪೋರ್ಟ್ ಹೇಳುವಾಗ ತಡವರಿಸಬಹುದು. ನಮ್ಮಲ್ಲೂ ಅಂಕ ಧಾರಾಳವಾಗಿ ಕೊಡುವವರು, ಬಿಗಿ ಹಿಡಿಯುವವರು ಇರುತ್ತೇವೆ. ಹಾಗಾಗಿ ಬೇರೆ ಬೇರೆ ರೋಗಿ, ಬೇರೆ ಬೇರೆ ಪರೀಕ್ಷಕರು, ವರ್ಷವಿಡೀ ಸ್ವಲ್ಪ ಸ್ವಲ್ಪ.

ಟೈಮಿಲ್ಲ ಅನ್ನೋ ಮಾತಿಗೆ ಬರುತ್ತೇನೆ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ನೋಡಿದಾಗ ರೋಗಿ ಬಾಯಿ ತೆರೆದು ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ಅಡ್ಡ ಬಾಯಿ ಹಾಕಿದ್ದರು. 1999ರ ಇನ್ನೊಂದು ಅಧ್ಯಯನದಲ್ಲಿ ಅದು 23 ಸೆಕೆಂಡ್. ಪೂರ್ತಿ ಹೇಳಲು ಬಿಟ್ಟ ರೋಗಿಗಳು ಜಾಸ್ತಿ ತೆಗೆದುಕೊಂಡಿದ್ದು ಸುಮಾರು 6 ಸೆಕೆಂಡ್ ಮಾತ್ರ. ಮೊದಲ ಅಂಕ ಇಲ್ಲೇ ಇರಲಿ. ಪೂರ್ತಿ ಹೇಳಲು ಬಿಟ್ಟನಾ?

ಕೊನೆಯ ಅಂಕ ಇನ್ನೂ ಮುಖ್ಯ. ಜಗಳೂರು ಕಡೆಯ ಒಬ್ಬ ಅಜ್ಜನಿಗೆ ಹೊಸದಾಗಿ ಇನ್ಸುಲಿನ್ ಶುರುವಾಗಿದೆ ಅಂದುಕೊಳ್ಳಿ. ಪಿಜಿ ಎಲ್ಲವನ್ನೂ ನಯವಾಗಿ ಹೇಳಿ "ಅರ್ಥ ಆಯ್ತಾ ಅಜ್ಜ?" ಅಂತಾನೆ. "ಹ್ಞೂಂ ಸಾಹೇಬ್ರ" ಅಂತಾನೆ ಅಜ್ಜ. ಆ ಹ್ಞೂಂಗೆ ಅಂಕ ಕೊಡಬೇಡಿ. ತಿಳಿದ ಪಿಜಿ ಬಾಟಲಿ, ಸಿರಿಂಜ್ ಎರಡನ್ನೂ ಅಜ್ಜನ ಕೈಗೆ ಕೊಟ್ಟು "ನಾಳೆ ಬೆಳಿಗ್ಗೆ ಹೆಂಗೆ ತಗೋತೀರಿ, ಒಂದ್ಸಲ ತೋರಿಸಿ" ಅಂತಾನೆ. ಆಗ ಗೊತ್ತಾಗುತ್ತದೆ, 40ರ ಬಾಟಲಿಗೆ (ಒಂದು ಮಿಲಿಗೆ 40 ಯೂನಿಟ್ ಇನ್ಸುಲಿನ್) ಕೆಂಪು ಮುಚ್ಚಳದ ಸಿರಿಂಜ್ ಇರಬೇಕಾದ ಕಡೆ ಅಂಗಡಿಯವರು ಕೊಟ್ಟ, ಮಿಲಿಗೆ 100 ಯೂನಿಟ್ ಲೆಕ್ಕದಲ್ಲಿ ಗೆರೆ ಹಾಕಿದ ಕಿತ್ತಳೆ ಮುಚ್ಚಳದ 100ರ ಸಿರಿಂಜ್ ಇದೆ, ಅದರಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗೋದು 8 ಯೂನಿಟ್ ಅಷ್ಟೇ ಅಂತ. ಸೋಮವಾರ ಒಪ್ಪತ್ತು ಮಾಡ್ತೀನಿ ಅನ್ನೋದೂ ಆಗಲೇ ಹೊರಗೆ ಬರುತ್ತದೆ. ಬೆಳಿಗ್ಗೆ ಸೂಜಿ ಹಾಕಿಕೊಂಡು ಮಧ್ಯಾಹ್ನದವರೆಗೆ ಉಪವಾಸ ಕೂತರೆ ಶುಗರ್ ಇಳಿದು ಬೆವರಿ ಬೀಳುತ್ತಾನಲ್ವಾ? ಅಜ್ಜ ಏನು ತೋರಿಸಿದ ಅನ್ನೋದರ ಮೇಲೆ ಪಿಜಿಗೆ ಅಂಕ ಹಾಕಿ. ಮಾತು ಎಷ್ಟು ಸಿಹಿಯಾಗಿತ್ತು ಅನ್ನೋದು ಆಮೇಲೆ.

ಪ್ರಶ್ನೆ – ಎರಡನೇ ವರ್ಷದ ಪಿಜಿ

ಸರ್, ನನ್ನ ರೂಮ್‌ಮೇಟ್ ಆಲ್ ಇಂಡಿಯಾ ಕೋಟಾದಲ್ಲಿ ಬಂದವನು. ಕನ್ನಡ ಅಷ್ಟಕ್ಕಷ್ಟೇ. ಅವನಿಗೆ ಅಂಕ ಕಡಿತ ಆದರೆ ಅನ್ಯಾಯ ಅಲ್ವಾ?

ಉತ್ತರ

ವ್ಯಾಕರಣಕ್ಕೆ ಅಂಕ ಕಡಿಯಬಾರದು, ಒಪ್ಪಿದೆ. ನಾನು ನೋಡೋದೇ ಬೇರೆ. ತನ್ನ ಮಾತು ರೋಗಿಗೆ ತಲುಪಿಲ್ಲ ಅಂತ ಅವನಿಗೆ ಗೊತ್ತಾಯಿತಾ, ಗೊತ್ತಾದ ಮೇಲೆ ಏನು ಮಾಡಿದ? ಜೊತೆಗೆ ಬಂದ ಮಗನನ್ನೇ ನಡುವೆ ನಿಲ್ಲಿಸಿದರೆ ತಾಯಿ ಬಿಳುಪು ಹೋಗೋದನ್ನು ಹೇಳುತ್ತಾಳಾ? ಸಿಸ್ಟರ್‌ನ ಕರೆಯಬೇಕು, ಸಣ್ಣ ಸಣ್ಣ ವಾಕ್ಯ ಹೇಳಬೇಕು, ಮಾತಾಡುವಾಗ ಕಣ್ಣು ರೋಗಿ ಕಡೆ ಇರಬೇಕು. ಕನ್ನಡದವರಿಗೂ ಇದೇ ಅಳತೆ. ತಾಂಡಾದಿಂದ ಬರುವ ಎಷ್ಟೋ ಅಜ್ಜಿಯರಿಗೆ ನಮ್ಮ ಕನ್ನಡ ಅರ್ಧಂಬರ್ಧ ತಲುಪುತ್ತದೆ. ಆದರೆ ಮೂರು ವರ್ಷ ಇಲ್ಲೇ ಇರುವವನು ಒಂದು ವರ್ಷ ಕಳೆದರೂ "ಎಲ್ಲಿ ನೋವು, ಯಾವಾಗಿಂದ" ಅಂತ ಕೇಳಲು ಕಲಿತಿಲ್ಲ ಅಂದರೆ ಅದನ್ನು ಫಾರಂನಲ್ಲಿ ಬರೆಯುತ್ತೇನೆ.

ಪ್ರಶ್ನೆ – ಮೊದಲು ಕೇಳಿದ ಮೇಡಂ

ಸಾವಿನ ಸುದ್ದಿ ಹೇಳುವಾಗ ಪಕ್ಕದಲ್ಲಿ ಫಾರಂ ಹಿಡಿದು ನಿಲ್ಲೋಕಾಗುತ್ತಾ ಸರ್?

ಉತ್ತರ

ಖಂಡಿತ ಬೇಡ. ಅದಕ್ಕೆ ಓಸ್ಕಿ ಇದೆ, ಅಂದರೆ ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಮಾಡಿಸಿ ನೋಡುವ ಪರೀಕ್ಷೆ, 1975ರಲ್ಲಿ ಸ್ಕಾಟ್ಲೆಂಡ್‌ನ ಡಂಡಿಯಲ್ಲಿ ಹಾರ್ಡನ್ ಶುರು ಮಾಡಿದ್ದು. ಅದರ ಒಂದು ಸ್ಟೇಷನ್‌ನಲ್ಲಿ ಸಂಬಂಧಿಕರ ಪಾತ್ರಕ್ಕೆ ತರಬೇತಿ ಕೊಟ್ಟವರನ್ನು ಕೂರಿಸಿ. ಜೂನಿಯರ್ ಪಿಜಿಯನ್ನೇ ಅಳಲು ಕೂರಿಸಿದರೆ ಇಬ್ಬರಿಗೂ ನಗು ಬರುತ್ತದೆ. ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತ ಕಲಾವಿದರು ನಮ್ಮ ಸುತ್ತಮುತ್ತಲೇ ಇದ್ದಾರೆ, ಅಂಥವರನ್ನು ಕೇಳಿ ನೋಡಿ. ಸುದ್ದಿ ಹೇಳಿದ ಮೇಲೆ ಪಿಜಿ ಸುಮ್ಮನಿದ್ದನಾ, ಇಲ್ಲ ತಕ್ಷಣ ಡೆತ್ ಸರ್ಟಿಫಿಕೇಟ್ ಮಾತಿಗೆ ಹೋದನಾ, ಅದನ್ನು ಗಮನಿಸಿ.

ಪ್ರಶ್ನೆ – ಸ್ಟಾಫ್ ನರ್ಸ್, ಚಿತ್ರದುರ್ಗ

ಸರ್, ನೀವು ಪಕ್ಕದಲ್ಲಿದ್ದಾಗ ಎಲ್ಲರೂ ಚೆನ್ನಾಗೇ ಮಾತಾಡ್ತಾರೆ. ರಾತ್ರಿ ಡ್ಯೂಟಿಯಲ್ಲಿ ನಾವು ನೋಡೋ ಡಾಕ್ಟರೇ ಬೇರೆ. ನಮ್ಮನ್ನು ಯಾರೂ ಕೇಳಲ್ಲ.

ಉತ್ತರ

ಕೇಳಲೇಬೇಕು ಸಿಸ್ಟರ್. ಬಹುಮೂಲ ಅಭಿಪ್ರಾಯ ಅಂತ ಇದಕ್ಕೇ ಒಂದು ಪದ್ಧತಿ ಇದೆ. ನರ್ಸ್‌ಗಳು, ಜೊತೆ ಪಿಜಿಗಳು, ಸಾಧ್ಯವಾದರೆ ರೋಗಿಗಳೂ ಬರೆದುಕೊಡುತ್ತಾರೆ. ಒಬ್ಬಿಬ್ಬರದ್ದಾದರೆ ಯಾರು ಬರೆದರು ಅಂತ ಗೊತ್ತಾಗಿಬಿಡುತ್ತದೆ, ಆಮೇಲೆ ವಾರ್ಡ್‌ನಲ್ಲಿ ಮುಖ ಕೆಡುತ್ತದೆ. ಅದಕ್ಕೆ ಹತ್ತಾರು ಜನರಿಂದ ಹೆಸರಿಲ್ಲದೆ ತೆಗೆದುಕೊಂಡು ಒಟ್ಟು ಮಾಡಿ ಹೇಳಬೇಕು. ಇದನ್ನು ಪಾಸು ಫೇಲಿಗೆ ಬಳಸಬೇಡಿ ಮೇಡಂ. ಪಿಜಿಯನ್ನು ಕರೆದು ಕೂರಿಸಿ, ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ ಸಿಸ್ಟರ್‌ಗೆ ಏನು ಉತ್ತರ ಕೊಡುತ್ತಾನೆ ಅಂತ ಅವನ ಬಾಯಲ್ಲೇ ಹೇಳಿಸಿ, ಆಮೇಲೆ ಆ ಹಾಳೆ ಅವನ ಕೈಗೆ ಕೊಡಿ. ಮೂರು ತಿಂಗಳು ಬಿಟ್ಟು ಅದೇ ವಾರ್ಡ್‌ನವರನ್ನು ಮತ್ತೆ ಕೇಳಿ.